ಪ್ರಾಗ್‌ನಲ್ಲಿ ಮೂರು ದಿನ: ದಿನಕ್ಕೊಂದು ಚೌಕ ಸಾಕು

ಪ್ರಶ್ನೆ: ಜೂನ್ ಮೊದಲ ವಾರ ವಿಯೆನ್ನಾದಿಂದ ರೈಲಿನಲ್ಲಿ ಪ್ರಾಗ್‌ಗೆ ಹೋಗುತ್ತಿದ್ದೇವೆ. ನಾನು, ನಮ್ಮ ಮನೆಯವರು, ಎಂಟನೇ ಕ್ಲಾಸಿನ ಮಗಳು, ಜೊತೆಗೆ 68 ವರ್ಷದ ನಮ್ಮಮ್ಮ. ಅಮ್ಮನಿಗೆ ಮಂಡಿ ನೋವು. ಒಟ್ಟು ಮೂರು ದಿನ ಇರ್ತೀವಿ. ಗಡಿಯಾರ, ಸೇತುವೆ, ಕೋಟೆ, ಎರಡು ಚೌಕ, ಎಲ್ಲವನ್ನೂ ಒಂದೇ ದಿನದಲ್ಲಿ ತೋರಿಸುವ ಆರು ಗಂಟೆಯ ವಾಕಿಂಗ್ ಟೂರ್ ಒಂದಿದೆ. ಅದನ್ನು ತಗೊಂಡು ಉಳಿದ ಎರಡು ದಿನ ಸುತ್ತಮುತ್ತಲ ಊರುಗಳಿಗೆ ಹೋಗೋಣ ಅಂತ ಯೋಚನೆ. ಸರಿಯಾ? ಹೋಟೆಲ್ ಎಲ್ಲಿ ಮಾಡಬೇಕು? ನಾವು ಸಸ್ಯಾಹಾರಿಗಳು, ಅಮ್ಮ ಮೊಟ್ಟೆ ಕೂಡ ತಿನ್ನಲ್ಲ. ದುಡ್ಡಿನ ವಿಷಯದಲ್ಲಿ ಅಲ್ಲಿ ಮೋಸ ಜಾಸ್ತಿ ಅಂತಾರೆ, ನಿಜವಾ?

ಉತ್ತರ:

ಆ ಟೂರ್ ತಗೋಬೇಡಿ. ಮಂಡಿ ನೋವಿರುವವರಿಗೆ ಪ್ರಾಗ್‌ನ ಕಲ್ಲುಹಾಸಿನ ಮೇಲೆ ಆರು ಗಂಟೆ ನಡಿಗೆ ಅಂದರೆ ಮರುದಿನ ಹೋಟೆಲ್ ರೂಮಿನಲ್ಲೇ ಕೂರಬೇಕು. ಅಲ್ಲಿನ ಹಳೇ ಬೀದಿಗಳಿಗೆ ಹಾಸಿರುವುದು ಚಪ್ಪಡಿಯಲ್ಲ, ಮುಷ್ಟಿ ಗಾತ್ರದ ಚೌಕ ಕಲ್ಲುಗಳು. ಪ್ರತಿ ಹೆಜ್ಜೆಗೂ ಪಾದ ಸ್ವಲ್ಪ ವಾಲುತ್ತದೆ. ಮೊದಲ ಅರ್ಧ ಗಂಟೆ ಏನೂ ಅನ್ನಿಸುವುದಿಲ್ಲ. ಎರಡು ಗಂಟೆ ಆದ ಮೇಲೆ ನಿಮ್ಮ ಮಗಳೂ "ಕೂರೋಣ" ಅಂತಾಳೆ. ಅಮ್ಮನಿಗೆ ದಪ್ಪ ಅಟ್ಟೆಯ, ಸ್ವಲ್ಪ ಸಡಿಲವಾದ ಶೂ ಬೇಕೇ ಬೇಕು. ಚಪ್ಪಲಿ ಬೇಡ.

ಇನ್ನೊಂದು ಕಾರಣವೂ ಇದೆ. ಪ್ರಾಗ್‌ನಲ್ಲಿ ನೋಡುವಂಥದ್ದು ಗೋಪುರಗಳಲ್ಲಿ ಎಷ್ಟಿದೆಯೋ ನೆಲದ ಮೇಲೂ ಅಷ್ಟೇ ಇದೆ. ಓಡುತ್ತಾ ಹೋದರೆ ಅದು ಕಾಣುವುದಿಲ್ಲ. ಅದಕ್ಕೇ ನಾನು ಹೇಳುವುದು ದಿನಕ್ಕೊಂದು ಚೌಕ. ಮೊದಲ ದಿನ ಓಲ್ಡ್ ಟೌನ್ ಸ್ಕ್ವೇರ್, ಎರಡನೇ ದಿನ ಬೆಟ್ಟದ ಮೇಲಿನ ಕೋಟೆ ಮತ್ತು ಅದರ ಪಕ್ಕದ ಚೌಕ, ಮೂರನೇ ದಿನ ವೆನ್ಸೆಸ್ಲಾಸ್ ಸ್ಕ್ವೇರ್. ಸೇತುವೆಯನ್ನು ಒಂದು ಬೆಳಗ್ಗೆ ಮುಗಿಸಿ. ಸುತ್ತಮುತ್ತಲ ಊರುಗಳನ್ನು ಈ ಸಲಕ್ಕೆ ಬಿಡಿ.

ಮೊದಲು ಹೋಟೆಲ್ ವಿಷಯ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಪ್ರಾಗ್‌ನಲ್ಲಿ 22ನೇ ನಂಬರಿನ ಟ್ರಾಮ್ ಅಂತ ಒಂದಿದೆ. ಅದು ನಾರೊದ್ನಿ ತ್ರ್ಶೀದಾ ಅನ್ನೋ ದೊಡ್ಡ ರಸ್ತೆಯಲ್ಲಿ ಬಂದು, ರಾಷ್ಟ್ರೀಯ ರಂಗಮಂದಿರದ ಹತ್ತಿರ ವಲ್ತಾವಾ ನದಿ ದಾಟಿ, ಮಾಲಾ ಸ್ತ್ರಾನಾ ಅನ್ನೋ ಬಡಾವಣೆ ಹಾದು, ತಿರುವು ತಿರುವಾಗಿ ಬೆಟ್ಟ ಹತ್ತಿ ಕೋಟೆಯ ಹಿಂಬದಿಗೆ ಹೋಗುತ್ತದೆ. ಈ ಟ್ರಾಮ್ ದಾರಿಯಲ್ಲಿ, ನದಿಯ ಈಚೆ ದಡದಲ್ಲಿ, ಸ್ಟಾಪಿನಿಂದ ಐದು ನಿಮಿಷದ ಒಳಗೆ ಹೋಟೆಲ್ ಸಿಕ್ಕರೆ ನಿಮ್ಮ ಅರ್ಧ ಕಷ್ಟ ಮುಗಿಯಿತು. ನಾರೊದ್ನಿ ತ್ರ್ಶೀದಾ ಸುತ್ತಮುತ್ತ ಹುಡುಕಿ. ಓಲ್ಡ್ ಟೌನ್ ಸ್ಕ್ವೇರಿಗೆ ಅಂಟಿಕೊಂಡ ಹೋಟೆಲ್‌ಗಳು ಫೋಟೋದಲ್ಲಿ ಚೆಂದ. ಆದರೆ ಟ್ರಾಮ್ ಆ ಚೌಕದೊಳಗೆ ಬರುವುದಿಲ್ಲ, ರಾತ್ರಿ ಗಲಾಟೆ ಬೇರೆ. ಬುಕ್ ಮಾಡುವಾಗ ಲಿಫ್ಟ್ ಇದೆಯಾ ಅಂತ ಬರೆದು ಕೇಳಿ. ಹಳೇ ಕಟ್ಟಡಗಳಲ್ಲಿ ಮೊದಲ ಮಹಡಿ ಅಂದರೂ ಮೂವತ್ತು ಮೆಟ್ಟಿಲು ಇರುತ್ತದೆ.

ಇನ್ನು ಚೌಕಗಳಿಗೆ ಬರೋಣ.

ಓಲ್ಡ್ ಟೌನ್ ಸ್ಕ್ವೇರಿಗೆ ಬೆಳಗ್ಗೆ ಎಂಟರೊಳಗೆ ಹೋಗಿ. ಜೂನ್‌ನಲ್ಲಿ ಅಲ್ಲಿ ಐದಕ್ಕೇ ಬೆಳಕಾಗಿರುತ್ತದೆ. ಹತ್ತರ ಮೇಲೆ ಗುಂಪುಗಳು ಬಣ್ಣದ ಛತ್ರಿಗಳ ಹಿಂದೆ ಬರಲು ಶುರುವಾಗುತ್ತವೆ, ಆಮೇಲೆ ನಿಮಗೆ ಕಾಣುವುದು ಬೆನ್ನುಗಳು ಮಾತ್ರ. ಚೌಕದ ನಡುವೆ ಯಾನ್ ಹುಸ್ ಅವರ ದೊಡ್ಡ ಸ್ಮಾರಕ ಇದೆ. ಚರ್ಚಿನ ಭ್ರಷ್ಟಾಚಾರದ ವಿರುದ್ಧ ಮಾತಾಡಿದ್ದಕ್ಕೆ 1415ರ ಜುಲೈ 6ರಂದು ಅವರನ್ನು ಜೀವಂತ ಸುಟ್ಟರು. ಸರಿಯಾಗಿ ಐನೂರು ವರ್ಷದ ನಂತರ, 1915ರಲ್ಲಿ, ಶಿಲ್ಪಿ ಲಾಡಿಸ್ಲಾವ್ ಶಾಲೌನ್ ಮಾಡಿದ ಈ ಸ್ಮಾರಕ ಇಲ್ಲಿ ನಿಂತಿತು. ಅದರ ಆಸುಪಾಸಿನಲ್ಲೇ ಕೂರಲು ಜಾಗ ಸಿಗುತ್ತದೆ. ಅಮ್ಮನನ್ನು ಅಲ್ಲಿ ಕೂರಿಸಿ, ನೀವು ಸುತ್ತ ನೋಡಿ.

ಎದುರಿಗೆ ಕಾಣುವ ಜೋಡಿ ಗೋಪುರ ತೀನ್ ಚರ್ಚಿನದು. ಸುಮಾರು 80 ಮೀಟರ್ ಎತ್ತರ. ಎರಡೂ ಒಂದೇ ಥರ ಅಂತ ಅನ್ನಿಸುತ್ತದೆ, ಆದರೆ ಒಂದು ಸ್ವಲ್ಪ ದಪ್ಪ. ಮಗಳಿಗೆ ಯಾವುದು ಅಂತ ಹುಡುಕಲು ಹೇಳಿ. ಅದರ ಎಡಕ್ಕೆ ಗುಲಾಬಿ ಬಿಳಿ ಬಣ್ಣದ ಕಿನ್ಸ್ಕಿ ಅರಮನೆ. ಲೇಖಕ ಕಾಫ್ಕಾ ಹುಡುಗನಾಗಿದ್ದಾಗ ಓದಿದ ಶಾಲೆ ಇದರೊಳಗೇ ಇತ್ತು. ಅವರಪ್ಪನ ಅಂಗಡಿ ಇದೇ ಕಟ್ಟಡದ ಕೆಳಗೆ ಇತ್ತು. 1948ರ ಫೆಬ್ರವರಿಯಲ್ಲಿ ಕಮ್ಯುನಿಸ್ಟ್ ನಾಯಕ ಗಾಟ್‌ವಾಲ್ಡ್ ಜನರನ್ನು ಉದ್ದೇಶಿಸಿ ಮಾತಾಡಿದ್ದು ಇದರ ಬಾಲ್ಕನಿಯಿಂದ. ಆಮೇಲೆ ನಲವತ್ತು ವರ್ಷ ಆ ದೇಶದಲ್ಲಿ ಕಮ್ಯುನಿಸ್ಟರದೇ ಆಡಳಿತ.

ಈಗ ನೆಲ ನೋಡಿ. ಹಳೇ ಟೌನ್ ಹಾಲ್ ಗೋಪುರದ ಪಕ್ಕದಲ್ಲಿ, ಕಲ್ಲುಹಾಸಿನೊಳಗೆ ಬಿಳಿ ಶಿಲುಬೆಗಳಿವೆ. ಎಣಿಸಿದರೆ ಇಪ್ಪತ್ತೇಳು. ಜನ ಅದರ ಮೇಲೇ ನಿಂತು ಗಡಿಯಾರದ ಫೋಟೋ ತೆಗೀತಾರೆ, ಗೊತ್ತೇ ಆಗುವುದಿಲ್ಲ. 1620ರ ನವೆಂಬರ್‌ನಲ್ಲಿ ಪ್ರಾಗ್ ಹೊರವಲಯದ ಬಿಳಿಬೆಟ್ಟದ ಯುದ್ಧದಲ್ಲಿ ಬೊಹೀಮಿಯಾದ (ಈಗಿನ ಚೆಕ್ ದೇಶದ ಒಂದು ಭಾಗ) ಪ್ರಾಟೆಸ್ಟಂಟರು ಕ್ಯಾಥೊಲಿಕ್ ಹ್ಯಾಬ್ಸ್‌ಬರ್ಗ್ ಮನೆತನದ ದೊರೆಗೆ ಸೋತರು. ಮುಂದಿನ ವರ್ಷ ಜೂನ್ 21ರಂದು ಅವರ ಮುಂದಾಳುಗಳಲ್ಲಿ 27 ಜನರನ್ನು ಇದೇ ಚೌಕದಲ್ಲಿ ಕೊಂದರು. ಮೂವರು ದೊಡ್ಡ ಜಮೀನ್ದಾರರು, ಏಳು ನೈಟ್‌ಗಳು, ಉಳಿದ ಹದಿನೇಳು ಜನ ಊರಿನ ಸಾಮಾನ್ಯ ಪ್ರಮುಖರು. ಇವರಲ್ಲಿ 12 ಜನರ ತಲೆಗಳನ್ನು ಚಾರ್ಲ್ಸ್ ಸೇತುವೆಯ ಗೋಪುರಕ್ಕೆ ನೇತುಹಾಕಿದರು. ಹತ್ತು ವರ್ಷ ಅಲ್ಲೇ ಇದ್ದವು. ಈ ಕಥೆ ನೆನಪಿಟ್ಟುಕೊಳ್ಳಿ, ಎರಡನೇ ದಿನ ಇದರ ಆರಂಭ ಸಿಗುತ್ತದೆ.

ಅದೇ ಗೋಪುರದ ಮಗ್ಗುಲಲ್ಲಿ ಒಂದು ಖಾಲಿ ಜಾಗ, ಒಂದಷ್ಟು ಮರಗಳು ಇವೆ. ಪಾರ್ಕ್ ಅಂದುಕೊಳ್ಳಬೇಡಿ. ಅಲ್ಲಿ ಟೌನ್ ಹಾಲಿನ ಒಂದು ಪೂರ್ತಿ ಭಾಗ ಇತ್ತು. 1945ರ ಮೇ ತಿಂಗಳಲ್ಲಿ, ಯುದ್ಧದ ಕೊನೆಯ ದಿನಗಳ ಪ್ರಾಗ್ ದಂಗೆಯಲ್ಲಿ, ಅದು ಸುಟ್ಟುಹೋಯಿತು. ಮತ್ತೆ ಕಟ್ಟಲೇ ಇಲ್ಲ. ಗೋಪುರದ ಕಡೆ ಅರ್ಧಕ್ಕೆ ತುಂಡಾದ ಗೋಡೆ ಈಗಲೂ ಕಾಣುತ್ತದೆ.

ಗಡಿಯಾರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಅದನ್ನು ನೋಡಿ "ಇಷ್ಟೇನಾ?" ಅಂತಾರೆ. ಬೆಳಗ್ಗೆ ಒಂಬತ್ತರಿಂದ ರಾತ್ರಿ ಹನ್ನೊಂದರವರೆಗೆ ಪ್ರತಿ ಗಂಟೆಗೂ ಮೇಲಿನ ಎರಡು ಕಿಟಕಿ ತೆರೆದು ಯೇಸುವಿನ ಹನ್ನೆರಡು ಶಿಷ್ಯರ ಬೊಂಬೆಗಳು ಸಾಗುತ್ತವೆ. ಅಸ್ಥಿಪಂಜರ ಗಂಟೆ ಹೊಡೆಯುತ್ತದೆ, ಕೊನೆಗೆ ಹುಂಜ ಕೂಗುತ್ತದೆ. ಹೆಚ್ಚು ಕಡಿಮೆ ಒಂದು ನಿಮಿಷದ ಆಟ. ಅದಕ್ಕಾಗಿ ನೂರಾರು ಜನ ಕತ್ತೆತ್ತಿ ನಿಂತಿರುತ್ತಾರೆ, ಜೇಬುಗಳ್ಳರು ಅವರ ಜೇಬು ನೋಡುತ್ತಿರುತ್ತಾರೆ. ನಾನು ಹೇಳುವುದು, ಗಂಟೆ ಹೊಡೆದು ಗುಂಪು ಕರಗಿದ ಮೇಲೆ ಹೋಗಿ ಆರಾಮಾಗಿ ಡಯಲ್ ಓದಿ.

ಈ ಗಡಿಯಾರ 1410ರದು. ಮಾಡಿದ್ದು ಕಾಡನ್ ಊರಿನ ಮಿಕುಲಾಶ್. ಲೆಕ್ಕಾಚಾರ ಖಗೋಳ ವಿದ್ವಾಂಸ ಯಾನ್ ಶಿಂಡೆಲ್ ಅವರದು ಅಂತ ತಿಳಿದವರ ಅಭಿಪ್ರಾಯ. ಹಾನುಶ್ ಅನ್ನೋ ಕುಶಲಕರ್ಮಿಯ ಕಣ್ಣು ಕೀಳಿಸಿದರು, ಇನ್ನೊಂದು ಊರಿಗೆ ಇಂಥದ್ದು ಮಾಡಬಾರದು ಅಂತ, ಅನ್ನೋ ಕಥೆಯನ್ನು ಗೈಡ್‌ಗಳು ಖಂಡಿತ ಹೇಳುತ್ತಾರೆ. ಕಥೆ ಅಷ್ಟೇ.

ಡಯಲ್ ಹೀಗಿದೆ. ಒಂದು ಉದ್ದ ಮುಳ್ಳಿನ ಮೇಲೆ ಚಿನ್ನದ ಸೂರ್ಯ, ತುದಿಯಲ್ಲಿ ಚಿನ್ನದ ಕೈ. ಆ ಕೈ ರೋಮನ್ ಅಂಕಿಗಳ ಮೇಲೆ ತೋರಿಸುವುದು ನಮಗೆ ಗೊತ್ತಿರುವ ಗಂಟೆ. ಅದರಾಚೆ ಕಪ್ಪು ಬಳೆಯ ಮೇಲೆ ಹಳೇ ಶೈಲಿಯ ಚಿನ್ನದ ಅಂಕಿಗಳಿವೆ, 1ರಿಂದ 24. ಅದು ಹಳೇ ಬೊಹೀಮಿಯಾದ ಲೆಕ್ಕ. ಅಲ್ಲಿ ದಿನ ಮುಗಿಯುವುದು ಸೂರ್ಯ ಮುಳುಗಿದಾಗ. ಹಾಗಾಗಿ ಚಿನ್ನದ ಕೈ 20ರ ಮೇಲಿದ್ದರೆ ಕತ್ತಲಾಗಲು ಇನ್ನು ನಾಲ್ಕು ಗಂಟೆ ಇದೆ ಅಂತ ಅರ್ಥ. ವರ್ಷವಿಡೀ ಸೂರ್ಯಾಸ್ತ ಹಿಂದೆ ಮುಂದೆ ಆಗುತ್ತದಲ್ಲ, ಅದಕ್ಕೆ ಸರಿಯಾಗಿ ಆ ಬಳೆಯೂ ಅತ್ತಿತ್ತ ಸರಿಯುತ್ತದೆ. ಮಗಳಿಗೆ ಇದನ್ನು ಹೇಳಿಕೊಡಿ. ಮೂರು ದಿನವೂ "ಇನ್ನೆಷ್ಟು ಹೊತ್ತು ಬೆಳಕಿದೆ" ಅಂತ ಅವಳೇ ಹೇಳುತ್ತಾಳೆ.

ಇನ್ನೂ ಒಳಗೆ ಬಾಗಿದ ಚಿನ್ನದ ಗೆರೆಗಳಿವೆ. ಅವು ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು ಹನ್ನೆರಡು ಸಮ ಪಾಲು ಮಾಡುತ್ತವೆ. ಬೇಸಿಗೆಯಲ್ಲಿ ಒಂದೊಂದು ಪಾಲು ಉದ್ದ, ಚಳಿಗಾಲದಲ್ಲಿ ಗಿಡ್ಡ. ಇದು ಅಮ್ಮನಿಗೆ ನಿಮಗಿಂತ ಬೇಗ ಅರ್ಥವಾಗುತ್ತದೆ. ನಮ್ಮ ರಾಹುಕಾಲದ ಲೆಕ್ಕವೂ ಹಗಲನ್ನು ಎಂಟು ಪಾಲು ಮಾಡಿಯೇ ತಾನೇ ಬರುವುದು?

ಡಯಲ್ ಒಳಗೆ ತಿರುಗುವ ಸಣ್ಣ ಚಕ್ರದಲ್ಲಿ ಹನ್ನೆರಡು ರಾಶಿಗಳ ಚಿಹ್ನೆ ಇದೆ. ಸೂರ್ಯ ಯಾವ ರಾಶಿಯಲ್ಲಿದ್ದಾನೆ ಅಂತ ಅದು ತೋರಿಸುತ್ತದೆ. ಅಮ್ಮ ಪಂಚಾಂಗ ನೋಡುವವರಾಗಿದ್ದರೆ ಇಲ್ಲಿ ಒಂದು ತಕರಾರು ಬರುತ್ತದೆ. ಜೂನ್ ಮೊದಲ ವಾರ ನಮ್ಮ ಲೆಕ್ಕದಲ್ಲಿ ಸೂರ್ಯ ಇನ್ನೂ ವೃಷಭದಲ್ಲಿ. ಗಡಿಯಾರ ಮಿಥುನ ತೋರಿಸುತ್ತಿರುತ್ತದೆ. ಗಡಿಯಾರ ಕೆಟ್ಟಿಲ್ಲ. ಅವರದು ಋತುಗಳನ್ನು ಹಿಡಿದ ಸಾಯನ ಲೆಕ್ಕ, ನಮ್ಮ ಪಂಚಾಂಗ ನಕ್ಷತ್ರಗಳನ್ನು ಹಿಡಿದ ನಿರಯನ. ಎರಡರ ನಡುವೆ ಈಗ ಸುಮಾರು 24 ಡಿಗ್ರಿ ವ್ಯತ್ಯಾಸ ಇದೆ. ಇನ್ನೊಂದು ಮುಳ್ಳಿನ ಮೇಲೆ ಅರ್ಧ ಕಪ್ಪು ಅರ್ಧ ಬೆಳ್ಳಿಯ ಒಂದು ಗುಂಡು ಇದೆ, ಅದು ಚಂದ್ರ. ಹುಣ್ಣಿಮೆ ಅಮಾವಾಸ್ಯೆಗೆ ತಕ್ಕಂತೆ ತಾನೇ ಹೊರಳುತ್ತದೆ.

ಈ ಗೋಪುರ ಹತ್ತಲು ಲಿಫ್ಟ್ ಇದೆ. ಪ್ರಾಗ್‌ನ ಹಳೇ ಗೋಪುರಗಳಲ್ಲಿ ಇದು ಅಪರೂಪ, ಹಾಗಾಗಿ ಅಮ್ಮನಿಗೆ ಮೇಲಿಂದ ಊರು ತೋರಿಸಲು ಇದೇ ಜಾಗ. ಮೇಲಿನ ಪಡಸಾಲೆ ಮಾತ್ರ ಇಕ್ಕಟ್ಟು. ಬೆಳಗ್ಗೆ ತೆರೆದ ಕೂಡಲೇ ಹೋಗಿ.

ಮಧ್ಯಾಹ್ನ ಹೋಟೆಲಿಗೆ ಬಂದು ಮಲಗಿ. ತಮಾಷೆಗೆ ಹೇಳುತ್ತಿಲ್ಲ. ಜೂನ್‌ನಲ್ಲಿ ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು. ಸಂಜೆ ಐದಕ್ಕೆ ಹೊಸದಾಗಿ ಹೊರಟರೂ ನಾಲ್ಕು ಗಂಟೆ ಸಿಗುತ್ತದೆ. ಆ ಸಂಜೆ ಯಹೂದಿ ಬಡಾವಣೆಯ ಬೀದಿಗಳಲ್ಲಿ ಓಡಾಡಿ, ಚೌಕದಿಂದ ಹತ್ತು ನಿಮಿಷ. ಅಲ್ಲಿನ ಟೌನ್ ಹಾಲಿನ ಮೇಲೆ ಹೀಬ್ರೂ ಅಂಕಿಗಳ ಒಂದು ಗಡಿಯಾರ ಇದೆ, ಅದರ ಮುಳ್ಳು ಹಿಂದಕ್ಕೆ ತಿರುಗುತ್ತದೆ. ಒಳಗೆ ಹೋಗಿ ನೋಡುವುದಾದರೆ ಬೆಳಗಿನ ಹೊತ್ತು ಬೇಕು. ಪಿಂಕಾಸ್ ಸಿನಗಾಗ್‌ನ ಗೋಡೆಗಳ ಮೇಲೆ ನಾತ್ಸಿಗಳು ಕೊಂದ ಸುಮಾರು 80,000 ಬೊಹೀಮಿಯಾ ಮತ್ತು ಮೊರಾವಿಯಾ ಯಹೂದಿಗಳ ಹೆಸರು ಬರೆದಿದ್ದಾರೆ. ಪಕ್ಕದ ಸ್ಮಶಾನದಲ್ಲಿ ಜಾಗ ಸಾಲದೆ ಪದರದ ಮೇಲೆ ಪದರ ಹೂಳಿದ್ದಾರೆ, ಸಮಾಧಿ ಕಲ್ಲುಗಳು ಒಂದರ ಮೇಲೊಂದು ವಾಲಿಕೊಂಡಿವೆ. ಮಗಳ ವಯಸ್ಸಿಗೆ ತೋರಿಸಬಹುದಾ ಅನ್ನೋದು ನಿಮಗೆ ಬಿಟ್ಟದ್ದು. ನಾನಾದರೆ ತೋರಿಸುತ್ತೇನೆ. ಶನಿವಾರ ಇವೆಲ್ಲ ಮುಚ್ಚಿರುತ್ತವೆ.

ಎರಡನೇ ದಿನ ಬೆಟ್ಟ. ಕೋಟೆಗೆ ಹೋಗುವ ಬಗ್ಗೆ ಎಲ್ಲರೂ ಕೊಡುವ ಸಲಹೆ ಒಂದೇ, ಟ್ರಾಮ್‌ನಲ್ಲಿ ಹತ್ತಿ, ನಡೆದು ಇಳಿಯಿರಿ. ಚೆನ್ನಾಗಿರುವ ಮಂಡಿಗೆ ಅದು ಸರಿ. ನಿಮ್ಮ ಅಮ್ಮನಿಗೆ ಅಲ್ಲ. ಮಂಡಿ ನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಅದೂ ನೆರುದೋವಾ ಬೀದಿಯಂಥ ಕಡಿದಾದ ಕಲ್ಲು ದಾರಿಯಲ್ಲಿ. ಮೇಲಕ್ಕೂ ಟ್ರಾಮ್, ಕೆಳಕ್ಕೂ ಟ್ರಾಮ್. ಮಗಳು ಮತ್ತು ಮನೆಯವರು ಬೇಕಾದರೆ ನಡೆದು ಇಳಿಯಲಿ.

22ನೇ ಟ್ರಾಮ್ ಹತ್ತಿ "ಪ್ರಾಷ್ಸ್ಕಿ ಹ್ರಾಡ್" ಸ್ಟಾಪಿನಲ್ಲಿ ಇಳಿಯಿರಿ. ಅಲ್ಲಿಂದ ಕಂದಕದ ಮೇಲಿನ ಸೇತುವೆ ದಾಟಿದರೆ ಸಮತಟ್ಟಾದ ದಾರಿಯಲ್ಲೇ ಕೋಟೆಯ ಎರಡನೇ ಅಂಗಳ ಸಿಗುತ್ತದೆ. ಭದ್ರತಾ ತಪಾಸಣೆ ಇರಬಹುದು, ಪಾಸ್‌ಪೋರ್ಟ್ ಜೊತೆಗಿರಲಿ. ಒಂಬತ್ತಕ್ಕೇ ಅಲ್ಲಿರಿ. ಭಾನುವಾರ ಮಾತ್ರ ಬೇಡ, ಪ್ರಾರ್ಥನೆ ನಡೆಯುವುದರಿಂದ ಕೆಥೆಡ್ರಲ್ ಪ್ರವಾಸಿಗರಿಗೆ ತೆರೆಯುವುದು ಮಧ್ಯಾಹ್ನವೇ.

ಸೇಂಟ್ ವೀಟಸ್ ಕೆಥೆಡ್ರಲ್ ಶುರುವಾದದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ. ಹೆಚ್ಚು ಕಡಿಮೆ ಆರು ನೂರು ವರ್ಷ. ಒಳಗೆ ಎಡಗಡೆ ಸಾಲಿನ ಕಿಟಕಿಗಳಲ್ಲಿ ಒಂದು ಉಳಿದವಕ್ಕಿಂತ ಬೇರೆ ಥರ ಕಾಣುತ್ತದೆ, ಅದು ಚಿತ್ರಕಾರ ಆಲ್ಫೋನ್ಸ್ ಮುಖಾ ಅವರ ಕೆಲಸ. ಬಿಸಿಲು ಬಿದ್ದಾಗ ನೋಡಬೇಕು. ಬಲಗಡೆ ಸೇಂಟ್ ವೆನ್ಸೆಸ್ಲಾಸ್ ಗುಡಿಯ ಗೋಡೆಗೆ ಬಣ್ಣದ ರತ್ನಕಲ್ಲುಗಳನ್ನು ಕೂರಿಸಿದ್ದಾರೆ. ಅಲ್ಲಿಂದ ಮೇಲಿನ ಕೋಣೆಗೆ ಹೋಗುವ ಬಾಗಿಲಿಗೆ ಏಳು ಬೀಗ. ಬೊಹೀಮಿಯಾದ ಕಿರೀಟ ಇರುವುದು ಅಲ್ಲಿ. ಏಳು ಬೀಗದ ಕೈ ಏಳು ಬೇರೆ ಬೇರೆ ಅಧಿಕಾರಿಗಳ ಹತ್ತಿರ, ಎಲ್ಲರೂ ಸೇರಿದರೆ ಮಾತ್ರ ತೆರೆಯುತ್ತದೆ. ಗೋಪುರಕ್ಕೆ 287 ಮೆಟ್ಟಿಲು, ಅದು ಮಗಳ ಪಾಲು.

ಆಮೇಲೆ ಹಳೇ ಅರಮನೆ. ಇದರ ದೊಡ್ಡ ಹಾಲ್ ಎಷ್ಟು ವಿಶಾಲ ಅಂದರೆ ಒಳಗೇ ಕುದುರೆ ಮೇಲೆ ಕೂತು ಈಟಿ ಕಾಳಗ ಆಡುತ್ತಿದ್ದರು. ಕುದುರೆ ಹತ್ತಿಬರಲೆಂದೇ ಅಗಲವಾದ ತಗ್ಗು ಮೆಟ್ಟಿಲು ಮಾಡಿದ್ದಾರೆ. ಹಾಲಿನ ಪಕ್ಕದ ಸಣ್ಣ ಕೋಣೆಗೆ ಹೋಗಿ ಕಿಟಕಿ ನೋಡಿ. 1618ರ ಮೇ 23ರಂದು ಸಿಟ್ಟಾದ ಪ್ರಾಟೆಸ್ಟಂಟ್ ಮುಂದಾಳುಗಳು ದೊರೆಯ ಇಬ್ಬರು ಅಧಿಕಾರಿಗಳನ್ನು, ಜೊತೆಗೆ ಅವರ ಗುಮಾಸ್ತನನ್ನೂ ಇಲ್ಲಿಂದ ಕೆಳಕ್ಕೆ ಎಸೆದರು. ಮೂವರೂ ಬದುಕಿದರು. ಮೇರಿ ಮಾತೆ ಹಿಡಿದುಕೊಂಡಳು ಅಂತ ಕ್ಯಾಥೊಲಿಕ್ಕರು, ತಿಪ್ಪೆ ಮೇಲೆ ಬಿದ್ದರು ಅಂತ ಪ್ರಾಟೆಸ್ಟಂಟರು. ಇದರಿಂದ ಹೊತ್ತಿಕೊಂಡದ್ದೇ ಮೂವತ್ತು ವರ್ಷಗಳ ಯುದ್ಧ. ನಿನ್ನೆ ಚೌಕದಲ್ಲಿ ಕಂಡ 27 ಶಿಲುಬೆಗಳ ಕಥೆ ಶುರುವಾದದ್ದು ಈ ಕಿಟಕಿಯಲ್ಲಿ. ಎರಡನ್ನೂ ಒಂದೇ ದಿನ ಓಡೋಡಿ ನೋಡುವವರಿಗೆ ಈ ಎಳೆ ಸಿಗುವುದೇ ಇಲ್ಲ.

ಗೋಲ್ಡನ್ ಲೇನ್ ಅಂತ ಪುಟ್ಟ ಮನೆಗಳ ಓಣಿ ಇದೆ, ಕಾಫ್ಕಾ 22ನೇ ನಂಬರಿನಲ್ಲಿ ಕೂತು ಬರೆಯುತ್ತಿದ್ದರು. ಅದು ಕೋಟೆಯ ಕೆಳತುದಿಯಲ್ಲಿದೆ, ಜನ ಜಾಸ್ತಿ, ನೆಲ ಏರುಪೇರು. ಅಮ್ಮ ಬಿಡಬಹುದು. ಮೂರನೇ ಅಂಗಳದಲ್ಲಿ ಕೂತಿದ್ದು, ಹನ್ನೆರಡಕ್ಕೆ ಮುಂದಿನ ಅಂಗಳದ ದ್ವಾರದಲ್ಲಿ ಕಾವಲುಗಾರರ ಬದಲಾವಣೆ ನೋಡಿ, ಬಂದ ದಾರಿಯಲ್ಲೇ ಟ್ರಾಮಿಗೆ ಹೋಗಿ.

ಆದರೆ ಕೆಳಗೆ ಇಳಿಯಬೇಡಿ. ಅದೇ ಟ್ರಾಮ್‌ನಲ್ಲಿ ಮುಂದಕ್ಕೆ ಎರಡು ಸ್ಟಾಪ್ ಹೋದರೆ ಪೊಹೊರ್ಜೆಲೆಟ್ಸ್. ಸ್ವಲ್ಪವೇ ನಡೆದರೆ ಲೊರೆಟಾ ಚೌಕ. ಪ್ರಾಗ್‌ನಲ್ಲಿ ನನಗೆ ಅತಿ ಇಷ್ಟದ ಚೌಕ ಇದು, ಯಾಕೆಂದರೆ ಗುಂಪುಗಳು ಇಲ್ಲಿಗೆ ಕಡಿಮೆ. ಒಂದು ಕಡೆ ಲೊರೆಟಾ ಚರ್ಚ್, ಗಂಟೆ ಗಂಟೆಗೂ ಅದರ ಗಂಟೆಗಳು ರಾಗ ನುಡಿಸುತ್ತವೆ. ಎದುರಿಗೆ ಇಡೀ ಚೌಕದ ಉದ್ದಕ್ಕೂ ಚೆರ್ನಿನ್ ಅರಮನೆ, ಈಗ ವಿದೇಶಾಂಗ ಸಚಿವಾಲಯ. 1948ರ ಮಾರ್ಚ್ 10ರ ಬೆಳಗ್ಗೆ ಆಗಿನ ವಿದೇಶಾಂಗ ಸಚಿವ ಯಾನ್ ಮಸಾರಿಕ್ ಅವರ ಶವ ಇದರ ಅಂಗಳದಲ್ಲಿ ಸಿಕ್ಕಿತು, ಸ್ನಾನದ ಕೋಣೆಯ ಕಿಟಕಿ ಕೆಳಗೆ. ಬಿದ್ದರೋ, ತಳ್ಳಿದರೋ, ಇವತ್ತಿಗೂ ಜಗಳ ಮುಗಿದಿಲ್ಲ. ಈ ಊರಿಗೂ ಕಿಟಕಿಗೂ ಏನೋ ನಂಟು. ಹತ್ತಿರದ ಸ್ತ್ರಾಹೋವ್ ಮಠದ ಗ್ರಂಥಾಲಯ ಬಾಗಿಲಲ್ಲೇ ನಿಂತು ನೋಡಬೇಕು, ಆದರೂ ನೋಡಲೇಬೇಕು. ಮಠದ ಪಕ್ಕದ ತೋಟದಿಂದ ಇಡೀ ಊರಿನ ಕೆಂಪು ಹೆಂಚು ಕಾಣುತ್ತದೆ. ಸಂಜೆ ಅಲ್ಲಿಂದಲೇ 22 ಹತ್ತಿ ವಾಪಸ್.

ಚಾರ್ಲ್ಸ್ ಸೇತುವೆಯನ್ನು ಮೂರನೇ ದಿನ ಬೆಳಗ್ಗೆ ಆರೂವರೆಗೆ ಇಟ್ಟುಕೊಳ್ಳಿ. 516 ಮೀಟರ್ ಉದ್ದ, ಹೆಚ್ಚು ಕಡಿಮೆ ಸಮತಟ್ಟು, ವಾಹನ ಇಲ್ಲ. ಆದರೆ ಬೆಂಚೂ ಇಲ್ಲ, ಅದಕ್ಕೆ ಒಂದೇ ಸಲ ದಾಟುವ ಹಾಗೆ ನೋಡಿಕೊಳ್ಳಿ. ನಾಲ್ಕನೇ ಚಾರ್ಲ್ಸ್ ದೊರೆ 1357ರಲ್ಲಿ ಕಲ್ಲು ಹಾಕಿದ್ದು. ಆ ವರ್ಷ, 9ನೇ ತಾರೀಖು, 7ನೇ ತಿಂಗಳು, 5 ಗಂಟೆ 31 ನಿಮಿಷಕ್ಕೆ ಮುಹೂರ್ತ ಇಟ್ಟರು, ಅಂಕಿಗಳು ಹಿಂದೆ ಮುಂದೆ ಒಂದೇ ಥರ ಬರಲಿ ಅಂತ, ಅನ್ನೋ ಮಾತು ಇದೆ. ಮುಹೂರ್ತ ನಂಬುವ ನಮ್ಮವರಿಗೆ ಹಿಡಿಸುತ್ತದೆ. ಮೇಲಿರುವ 30 ವಿಗ್ರಹಗಳಲ್ಲಿ ಹೆಚ್ಚಿನವು ಈಗ ನಕಲು, ಮೂಲಗಳು ಮಳೆ ಹೊಗೆಗೆ ಸಿಕ್ಕದ ಹಾಗೆ ಒಳಗಿವೆ. ಜನ ಮುಟ್ಟಿ ಮುಟ್ಟಿ ಹೊಳೆಯುವ ಫಲಕ ಇರುವುದು ನೆಪೊಮುಕ್ ಸಂತನ ವಿಗ್ರಹದ ಕೆಳಗೆ. ರಾಣಿಯ ಪಾಪನಿವೇದನೆಯ ಗುಟ್ಟು ಹೇಳಲಿಲ್ಲ ಅಂತ ಮುಂದಿನ ಕಾಲದ ದೊರೆಯೊಬ್ಬ ಅವನನ್ನು ನದಿಗೆ ಎಸೆಸಿದ ಅನ್ನುವುದು ಭಕ್ತರ ಕಥೆ. 1393ರಲ್ಲಿ ಅವನನ್ನು ನದಿಗೆ ಎಸೆದದ್ದು ನಿಜ. ಕಾರಣ ಮಾತ್ರ ಒಂದು ಮಠದ ಮುಖ್ಯಸ್ಥನ ನೇಮಕದ ಬಗ್ಗೆ ಚರ್ಚಿಗೂ ದೊರೆಗೂ ನಡೆದ ಕಿತ್ತಾಟ.

ಸೇತುವೆ ದಾಟಿ ಸ್ವಲ್ಪ ನಡೆದರೆ ವಾಲ್ಡ್‌ಸ್ಟೈನ್ ತೋಟ. ದುಡ್ಡಿಲ್ಲ, ನೆಲ ಸಮ, ನವಿಲುಗಳು ಓಡಾಡಿಕೊಂಡಿರುತ್ತವೆ. ತೆರೆಯುವ ಹೊತ್ತಿಗೆ ಮೊದಲು ಹತ್ತಿರದಲ್ಲೇ ತಿಂಡಿ ಮುಗಿಸಿಕೊಳ್ಳಿ.

ಸಂಜೆಗೆ ವೆನ್ಸೆಸ್ಲಾಸ್ ಸ್ಕ್ವೇರ್. ಚೌಕ ಅಂತ ಹೆಸರು, ನೋಡಿದರೆ ಅಗಲವಾದ ರಸ್ತೆ. 750 ಮೀಟರ್ ಉದ್ದ, 60 ಮೀಟರ್ ಅಗಲ. 1348ರಲ್ಲಿ ಹೊಸ ಊರು ಕಟ್ಟಿದಾಗ ಇದು ಕುದುರೆ ಸಂತೆ. ಮ್ಯೂಸಿಯಂ ಇರುವ ಮೇಲ್ತುದಿಗೆ ಮೆಟ್ರೋದಲ್ಲಿ ಹೋಗಿ, ಸ್ಟೇಷನ್ ಹೆಸರೇ ಮ್ಯೂಸಿಯಂ. ಅಲ್ಲಿಂದ ಕೆಳಮುಖವಾಗಿ ಬನ್ನಿ. ಇಳಿಜಾರು ತೀರ ಕಡಿಮೆ, ಅಮ್ಮನಿಗೂ ತೊಂದರೆಯಿಲ್ಲ. ಅಂಗಡಿ ನೋಡುತ್ತಾ ನಡೆದರೆ ಇದು ಯಾವುದೇ ಊರಿನ ಪೇಟೆ ಥರ ಅನ್ನಿಸುತ್ತದೆ. ಮೊದಲು ಮ್ಯೂಸಿಯಂ ಮುಂಭಾಗದ ಕಂಬಗಳನ್ನು ಹತ್ತಿರದಿಂದ ನೋಡಿ. 1968ರ ಆಗಸ್ಟ್‌ನಲ್ಲಿ ದೇಶದೊಳಗೆ ನುಗ್ಗಿದ ಸೋವಿಯೆತ್ ಸೈನಿಕರು ಹಾರಿಸಿದ ಗುಂಡಿನ ಗುರುತುಗಳಿವೆ. ಕಟ್ಟಡವನ್ನು ಇತ್ತೀಚೆಗೆ ದುರಸ್ತಿ ಮಾಡಿ 2018ರಲ್ಲಿ ಮತ್ತೆ ತೆರೆದಾಗಲೂ ಅವನ್ನು ಪೂರ್ತಿ ಅಳಿಸಲಿಲ್ಲ.

ಮ್ಯೂಸಿಯಂ ಮುಂದೆ ನೆಲದಲ್ಲಿ ಕಂಚಿನ ಒಂದು ಶಿಲುಬೆ, ಮಲಗಿದ ಹಾಗೆ, ಕಲ್ಲುಹಾಸನ್ನು ಕೆಳಗಿಂದ ಉಬ್ಬಿಸಿದ ಹಾಗೆ ಇದೆ. ಆ ಆಕ್ರಮಣಕ್ಕೆ ಜನ ಒಗ್ಗಿಕೊಳ್ಳುತ್ತಿದ್ದಾರೆ ಅಂತ ನೊಂದು ಯಾನ್ ಪಾಲಾಖ್ ಅನ್ನೋ ವಿದ್ಯಾರ್ಥಿ 1969ರ ಜನವರಿ 16ರಂದು ಇಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡ. 20 ವರ್ಷ ವಯಸ್ಸು. ಮೂರು ದಿನದ ಮೇಲೆ ತೀರಿಕೊಂಡ. ಮುಂದಿನ ತಿಂಗಳು ಯಾನ್ ಝಾಯಿಟ್ಸ್ ಅನ್ನೋ ಇನ್ನೊಬ್ಬ ಹುಡುಗ ಇದೇ ಚೌಕದಲ್ಲಿ ಹಾಗೇ ಮಾಡಿಕೊಂಡ. ಇಪ್ಪತ್ತು ವರ್ಷದ ನಂತರ, 1989ರ ನವೆಂಬರ್‌ನಲ್ಲಿ, ಇದೇ ಚೌಕ ತುಂಬ ಜನ ನಿಂತು ಮನೆ ಬೀಗದ ಕೈಗಳನ್ನು ಗಲಗಲ ಅನ್ನಿಸಿದರು, "ನಿಮ್ಮ ಹೊತ್ತು ಮುಗಿಯಿತು, ಹೊರಡಿ" ಅಂತ. ಚೌಕದ ನಡುಭಾಗದಲ್ಲಿರುವ ಮೆಲಾಂಟ್ರಿಖ್ ಕಟ್ಟಡದ ಬಾಲ್ಕನಿಯಿಂದ ವಿರೋಧಿಗಳ ನಾಯಕ, ನಾಟಕಕಾರ ಹಾವೆಲ್ ಮತ್ತು 1968ರ ಸುಧಾರಣೆಯ ನಾಯಕ ದುಬ್ಚೆಕ್ ಮಾತಾಡಿದರು. ಆ ವರ್ಷದ ಕೊನೆಗೆ ಹಾವೆಲ್ ಅಧ್ಯಕ್ಷ. ಕಟ್ಟಡದ ಕೆಳಗೆ ಈಗ ಅಂಗಡಿ, ಬಾಲ್ಕನಿ ಹಾಗೇ ಇದೆ.

ಮಗಳಿಗೆ ನಗು ಬರಲಿ ಅಂದರೆ ಪಕ್ಕದ ಲುಸೆರ್ನಾ ಪ್ಯಾಸೇಜಿಗೆ ಕರೆದುಕೊಂಡು ಹೋಗಿ. ಚೌಕದ ಮೇಲ್ತುದಿಯಲ್ಲಿ ಸೇಂಟ್ ವೆನ್ಸೆಸ್ಲಾಸ್ ಗಂಭೀರವಾಗಿ ಕುದುರೆ ಮೇಲೆ ಕೂತಿದ್ದಾನಲ್ಲ, ಇಲ್ಲಿ ಅದೇ ಸಂತ ತಲೆಕೆಳಗಾಗಿ ನೇತಾಡುವ ಸತ್ತ ಕುದುರೆಯ ಹೊಟ್ಟೆ ಮೇಲೆ ಕೂತಿದ್ದಾನೆ. ಡೇವಿಡ್ ಚೆರ್ನಿ ಅನ್ನೋ ಕಲಾವಿದರ ಚೇಷ್ಟೆ. ಹಾಗೇ ಕೆಳಗೆ ಬಂದರೆ ಗಾಜಿನ ಮುಖದ ಬಾಟಾ ಅಂಗಡಿ, 1929ರದು. ನಮ್ಮ ಸ್ಕೂಲ್ ಶೂಗಳ ಬಾಟಾ ಹುಟ್ಟಿದ್ದು ಈ ದೇಶದ ಝ್ಲೀನ್ ಊರಲ್ಲಿ. ಬಾಟಾ ನಮ್ಮ ದೇಶದ್ದೇ ಅಂದುಕೊಂಡಿರುವವರು ಎಷ್ಟು ಜನ!

ಮೂರನೇ ದಿನ ಮಧ್ಯಾಹ್ನ ಅಮ್ಮನಿಗೆ ಶಕ್ತಿ ಇದ್ದರೆ ವಿಶೆಹ್ರಾಡ್ ಹಳೇ ಕೋಟೆ ನೋಡಬಹುದು. ಅದೇ ಹೆಸರಿನ ಮೆಟ್ರೋ ಸ್ಟೇಷನ್ನಿನಿಂದ ದಾರಿ ಸುಮಾರಾಗಿ ಸಮತಟ್ಟು, ನೆರಳಿದೆ. ಸಂಗೀತಕಾರರಾದ ಸ್ಮೆತಾನಾ, ದ್ವೋರ್ಜಾಕ್, ಜೊತೆಗೆ ಚಿತ್ರಕಾರ ಮುಖಾ ಸಮಾಧಿಗಳು ಅಲ್ಲಿವೆ. ಶಕ್ತಿ ಇಲ್ಲದಿದ್ದರೆ ಬಿಡಿ.

ಊಟ. ಹಳೇ ಚೆಕ್ ಹೋಟೆಲ್‌ಗಳಲ್ಲಿ ಮಾಂಸವಿಲ್ಲದ್ದು ಅಂದರೆ ಕರಿದ ಚೀಸ್, ಬ್ರಾಂಬೊರಾಕ್ ಅನ್ನೋ ಆಲೂಗಡ್ಡೆ ದೋಸೆ, ಕ್ನೆಡ್ಲೀಕಿ ಅನ್ನೋ ಹಣ್ಣು ತುಂಬಿದ ಕಡುಬು. ನಿಮಗೆ ಸರಿ, ಅಮ್ಮನಿಗೆ ಆಗಲ್ಲ. ಚೀಸ್‌ನ ಹೊರಪದರಕ್ಕೂ, ಬ್ರಾಂಬೊರಾಕ್‌ಗೂ ಮೊಟ್ಟೆ ಹಾಕುತ್ತಾರೆ. ಸೂಪ್ ತರಕಾರಿಯದ್ದಾದರೂ ಮಾಂಸದ ಸಾರಿನಲ್ಲಿ ಕುದಿಸಿರಬಹುದು, ಕರಿಯುವುದು ಹಂದಿ ಕೊಬ್ಬಿನಲ್ಲಿ ಇರಬಹುದು. "ಬೆಝ್ ಮಾಸಾ" ಅಂದರೆ ಮಾಂಸ ಇಲ್ಲದೆ, "ಬೆಝ್ ಸಾಡ್ಲಾ" ಅಂದರೆ ಹಂದಿ ಕೊಬ್ಬಿಲ್ಲದೆ, "ಬೆಝ್ ವಾಯೆಟ್ಸ್" ಅಂದರೆ ಮೊಟ್ಟೆ ಇಲ್ಲದೆ. ಇದನ್ನು ಚೆಕ್ ಭಾಷೆಯಲ್ಲೇ ಒಂದು ಚೀಟಿಯಲ್ಲಿ ಬರೆಸಿಟ್ಟುಕೊಂಡು ತೋರಿಸಿ. ಊರಲ್ಲಿ ಇಂಡಿಯನ್ ಹೋಟೆಲ್‌ಗಳು, ಪೂರ್ತಿ ಸಸ್ಯಾಹಾರಿ ಹೋಟೆಲ್‌ಗಳು ಎರಡೂ ಸಾಕಷ್ಟಿವೆ. ಅಮ್ಮನಿಗೆ ರಾತ್ರಿ ಊಟ ಅಲ್ಲೇ ಇಟ್ಟುಕೊಳ್ಳಿ. ರೂಮಿಗೆ ಅವಲಕ್ಕಿ, ಚಟ್ನಿಪುಡಿ ತಗೊಂಡು ಹೋಗುತ್ತೀರಿ ಅಂತ ನನಗೆ ಗೊತ್ತು. ಒಳ್ಳೇದೇ. ಬೀದಿ ಬೀದಿಯಲ್ಲಿ ಕೋಲಿಗೆ ಸುತ್ತಿ ಸುಡುವ ತ್ರ್ದೆಲ್ನಿಕ್ ಅನ್ನೋ ಸಿಹಿಯನ್ನು ಹಳೇ ಪ್ರಾಗ್‌ನ ತಿಂಡಿ ಅಂತ ಮಾರುತ್ತಾರೆ. ಅದು ಈ ಊರಿನ ಸಂಪ್ರದಾಯ ಅಲ್ಲವೇ ಅಲ್ಲ, ಪ್ರವಾಸಿಗರ ಜೊತೆ ಬಂದದ್ದು. ಮಗಳು ಕೇಳಿದರೆ ಒಂದು ಕೊಡಿಸಿ, ಅಷ್ಟೇ.

ಮೋಸದ ವಿಷಯ. ಹೊಡೆದು ಬಡಿದು ಕಿತ್ತುಕೊಳ್ಳುವ ಊರಲ್ಲ ಅದು, ರಾತ್ರಿ ಓಡಾಡಲು ಹೆದರಿಕೆ ಬೇಡ. ಮೋಸ ಆಗುವುದು ದುಡ್ಡು ಬದಲಾಯಿಸುವಾಗ. ಅಲ್ಲಿ ಯೂರೋ ಅಲ್ಲ, ಕೊರುನಾ ನಡೆಯುವುದು. ಬೀದಿಯಲ್ಲಿ "ಚೇಂಜ್ ಬೇಕಾ" ಅಂತ ಬರುವವರ ಹತ್ತಿರ ಒಂದು ಪೈಸೆಯೂ ಕೊಡಬೇಡಿ, ಚಲಾವಣೆಯಲ್ಲಿಲ್ಲದ ಬೇರೆ ದೇಶದ ನೋಟು ಕೈಗೆ ತುರುಕುತ್ತಾರೆ. ಅಂಗಡಿಯಲ್ಲಿ ಬದಲಾಯಿಸಿ, ದರ ತೀರ ಕೆಟ್ಟದ್ದು ಅಂತ ಆಮೇಲೆ ಗೊತ್ತಾದರೆ ಗಾಬರಿ ಬೇಡ. 2019ರಿಂದ ಅಲ್ಲಿನ ಕಾನೂನಿನಲ್ಲಿ, 1000 ಯೂರೋವರೆಗಿನ ವ್ಯವಹಾರವನ್ನು ಮೂರು ಗಂಟೆಯೊಳಗೆ ರಸೀದಿ ತೋರಿಸಿ ರದ್ದು ಮಾಡಿಸಬಹುದು. ಎಟಿಎಂ ಅಥವಾ ಕಾರ್ಡ್ ಮೆಷಿನ್ "ರೂಪಾಯಿಯಲ್ಲಿ ಕಟ್ಟುತ್ತೀರಾ, ಕೊರುನಾದಲ್ಲಿ ಕಟ್ಟುತ್ತೀರಾ" ಅಂತ ಕೇಳಿದರೆ ಯಾವಾಗಲೂ ಕೊರುನಾ ಒತ್ತಿ.

ಟ್ರಾಮ್ ಟಿಕೆಟ್ ಕಾಗದದ್ದಾದರೆ ಹತ್ತಿದ ಕೂಡಲೇ ಒಳಗಿನ ಹಳದಿ ಪೆಟ್ಟಿಗೆಗೆ ತೂರಿಸಿ ಮುದ್ರೆ ಒತ್ತಿಸಬೇಕು. ಮೆಟ್ರೋದಲ್ಲಾದರೆ ಎಸ್ಕಲೇಟರಿಗೆ ಮೊದಲು. ಟಿಕೆಟ್ ಇದ್ದೂ ಮುದ್ರೆ ಇಲ್ಲದಿದ್ದರೆ ದಂಡ ಖಚಿತ, "ಗೊತ್ತಿರಲಿಲ್ಲ" ಅಂದರೆ ಕೇಳುವುದಿಲ್ಲ. ನಿಮಗೆ 72 ಗಂಟೆಯ ಟಿಕೆಟ್ ಸರಿಹೋಗುತ್ತದೆ, ಒಂದೇ ಸಲ ಒತ್ತಿಸಿದರೆ ಮುಗಿಯಿತು. ಮೆಟ್ರೋ ಎಸ್ಕಲೇಟರ್‌ಗಳು ನಮ್ಮವಕ್ಕಿಂತ ಉದ್ದ, ಜೋರು. ಅಮ್ಮನ ಕೈ ಹಿಡಿದುಕೊಂಡು ಹತ್ತಿ. ಲಿಫ್ಟ್ ಎಲ್ಲ ಸ್ಟೇಷನ್ನಿನಲ್ಲೂ ಇಲ್ಲ, ಅದಕ್ಕೇ ನಾನು ಟ್ರಾಮ್ ಟ್ರಾಮ್ ಅಂತ ಹೇಳುತ್ತಿರುವುದು. ಟ್ಯಾಕ್ಸಿ ಬೇಕಾದರೆ ರಸ್ತೆಯಲ್ಲಿ ಕೈ ತೋರಿಸಬೇಡಿ, ಆ್ಯಪ್‌ನಲ್ಲಿ ಕರೆಯಿರಿ. ಚಿಲ್ಲರೆ ನಾಣ್ಯಗಳನ್ನು ಖರ್ಚು ಮಾಡಿಬಿಡಬೇಡಿ, ಸಾರ್ವಜನಿಕ ಶೌಚಾಲಯಗಳಲ್ಲಿ ಕೆಲವು ಕಡೆ ದುಡ್ಡು ಕೇಳುತ್ತಾರೆ.